ಗುಲ್ಮಾರ್ಗ್‌ಗೆ ಯಾವಾಗ ಹೋದ್ರೆ ಗರ್ದಿ ಕಮ್ಮಿ?

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದ ಪ್ರಶ್ನೆಗಳೆಲ್ಲ ಹಿಮದ ಮೇಲೇ, ಮುಂಬೈ ಸೆಕೆಗೆ ಇರ್ಬೇಕು. ಒಂದೇ ತರದ್ದನ್ನೆಲ್ಲ ಸೇರಿಸಿ ಉತ್ತರ ಕೊಟ್ಟಿದ್ದೀನಿ.

ಪ್ರಶ್ನೆ: ನಾವು ನಾಲ್ಕು ಜನ, ಮಕ್ಕಳು ನಾಲ್ಕನೇ ಕ್ಲಾಸು, ಏಳನೇ ಕ್ಲಾಸು. ಕ್ರಿಸ್‌ಮಸ್ ರಜೆಗೆ ಕಾಶ್ಮೀರದ ಗುಲ್ಮಾರ್ಗ್ ಹೋಗೋಣ, ಮಕ್ಕಳಿಗೆ ಸ್ವಲ್ಪ ಸ್ಕೀಯಿಂಗ್ ಮಾಡ್ಸೋಣ ಅಂತ ನಮ್ಮವರು. ಹೋದ ವರ್ಷ ಹೋಗ್ಬಂದ ಪಕ್ಕದ ಮನೆಯವರು ಗೊಂಡೋಲಾ (ಬೆಟ್ಟ ಹತ್ತಿಸೋ ಕೇಬಲ್ ಕಾರ್) ಲೈನ್‌ನಲ್ಲೇ ಅರ್ಧ ದಿನ ಹೋಯ್ತು ಅಂತಾರೆ. ಯಾವಾಗ ಹೋದ್ರೆ ಒಳ್ಳೇದು?
– ಓದುಗಿ, ಡೊಂಬಿವಿಲಿ

ಉತ್ತರ: ಅಕ್ಕಾ, ಪಕ್ಕದ ಮನೆಯವರು ಹೇಳಿದ್ದು ನಿಜ. ಕ್ರಿಸ್‌ಮಸ್‌ನಿಂದ ನ್ಯೂ ಇಯರ್ ತನಕ ದೆಹಲಿ, ಗುಜರಾತ್, ನಮ್ಮ ಮುಂಬೈ, ಬೆಂಗಳೂರು ಎಲ್ಲಾ ಅಲ್ಲೇ ಇರುತ್ತೆ, ವಿಮಾನದ ರೇಟು, ಹೋಟೆಲ್ ರೇಟು ಎರಡೂ ತಲೆ ಮೇಲೆ. ಅಷ್ಟು ಕೊಟ್ಟು ಹೋದ್ರೂ ಹಿಮ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಇದನ್ನ ಟೂರ್ ಏಜೆಂಟ್‌ಗಳು ಯಾರೂ ಹೇಳಲ್ಲ ನೋಡಿ. ಕಾಶ್ಮೀರದವರ ಚಿಲ್ಲಾಯಿ ಕಲಾನ್, ಅಂದ್ರೆ ಚಳಿ ಜೋರಾಗೋ 40 ದಿನ, ಶುರುವಾಗೋದೇ ಡಿಸೆಂಬರ್ 21ಕ್ಕೆ. ಸ್ಕೀಯಿಂಗ್‌ಗೆ ಬೇಕಾದಷ್ಟು ಹಿಮ ಕೂರೋದು ಸಾಮಾನ್ಯವಾಗಿ ಜನವರಿ ಅರ್ಧ ಆದ್ಮೇಲೆ, ಫೆಬ್ರವರಿಯಲ್ಲಿ. 2024ರ ಜನವರಿಯಲ್ಲಂತೂ ಗುಲ್ಮಾರ್ಗ್ ಬಯಲಲ್ಲಿ ಬರೀ ಒಣಗಿದ ಹುಲ್ಲು, ಟಿವಿಯಲ್ಲೆಲ್ಲ ತೋರಿಸಿದ್ರು, ಹಿಮ ಬಂದಿದ್ದು ತಿಂಗಳ ಕೊನೆಗೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ, ಜನವರಿ 26ರ ರಜೆ ಮುಗಿದ ಮೇಲಿಂದ ಫೆಬ್ರವರಿ 12ರ ಒಳಗೆ, ಅದರಲ್ಲೂ ಸೋಮವಾರದಿಂದ ಗುರುವಾರ. 14ಕ್ಕೆ ವ್ಯಾಲೆಂಟೈನ್ಸ್ ಡೇ ಅಂತ ಹೊಸ ಜೋಡಿಗಳು ಬರ್ತಾರೆ, 19ಕ್ಕೆ ಶಿವಜಯಂತಿ, ಅದಕ್ಕೆ ಎರಡು ರಜೆ ಜೋಡಿಸ್ಕೊಂಡು ನಮ್ಮ ಕಡೆಯವರೇ ಹೊರಡ್ತಾರೆ. ನಾನು ಹೇಳಿದ ಟೈಮಲ್ಲಿ ಹತ್ತನೇ, ಹನ್ನೆರಡನೇ ಕ್ಲಾಸಿನ ಮಕ್ಕಳಿರೋ ಮನೆಯವರು ಬೋರ್ಡ್ ಪರೀಕ್ಷೆ ಅಂತ ಮನೆ ಬಿಟ್ಟು ಅಲುಗಾಡಲ್ಲ, ಅದೂ ನಿಮಗೆ ಲಾಭಾನೇ. ನಿಮ್ಮ ಮಕ್ಕಳಿಗೆ ಬೋರ್ಡ್ ಇಲ್ವಲ್ಲ, ನಾಲ್ಕು ದಿನ ಸ್ಕೂಲ್ ತಪ್ಪಿದ್ರೆ ಆಕಾಶ ಏನೂ ಬೀಳಲ್ಲ, ಕ್ಲಾಸ್ ಟೀಚರ್‌ಗೆ ಮೊದಲೇ ಒಂದು ಚೀಟಿ ಬರೆದುಕೊಡಿ.

ಇನ್ನೊಂದು ವಿಷಯ, ಗುಲ್ಮಾರ್ಗ್ ಗರ್ದಿ ಅಂದ್ರೆ ಅದು ಸ್ಕೀ ಮಾಡೋರ ಗರ್ದಿ ಅಲ್ಲ. ಶ್ರೀನಗರದಲ್ಲಿ ಉಳ್ಕೊಂಡು ಒಂದೇ ದಿನದಲ್ಲಿ ಹೋಗಿ ಬರೋರದ್ದು. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್, ತಿಂಡಿ ಮುಗಿಸಿ ಹೊರಡ್ತಾರೆ, ಕೆಳಗೆ ತಂಗ್‌ಮಾರ್ಗ್‌ನಲ್ಲಿ ಎಲ್ಲಾ ನಿಲ್ಲಬೇಕು. ಹಿಮ ಬಿದ್ದಿದ್ರೆ ಅಲ್ಲಿಂದ ಮುಂದಿನ ಸುಮಾರು 13 ಕಿಲೋಮೀಟರ್ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಅಥವಾ ಫೋರ್ ಬೈ ಫೋರ್‌ಗೆ ಮಾತ್ರ ಬಿಡ್ತಾರೆ, ಶ್ರೀನಗರದ ಟ್ಯಾಕ್ಸಿ ಬಿಟ್ಟು ಅಲ್ಲಿಯ ಗಾಡಿ ಹಿಡೀಬೇಕು. ರಸ್ತೆ ಪಕ್ಕ ಸಾಲಾಗಿ ಅಂಗಡಿ, ಹಗ್ಗಕ್ಕೆ ನೇತುಹಾಕಿರೋ ಬಾಡಿಗೆ ಓವರ್‌ಕೋಟು, ಕೆಳಗೆ ರಾಶಿ ರಾಶಿ ಗಮ್‌ಬೂಟು, ಒಬ್ಬರಿಗೆ ಎಡಗಾಲಿಂದು ಸಿಕ್ರೆ ಬಲಗಾಲಿಂದು ಹುಡುಕ್ತಾ ಕೂತಿರ್ತಾರೆ, ಡ್ರೈವರ್ ಹಿಮದಲ್ಲಿ ಮಂಡಿಯೂರಿ ಚೈನ್ ಬಿಗಿತಾ ಇರ್ತಾನೆ. ಇಷ್ಟೆಲ್ಲ ಮುಗಿಸಿ ಇವರು ಮೇಲೆ ಬಂದು ಸೇರೋ ಹೊತ್ತಿಗೆ ಹನ್ನೊಂದು ಗಂಟೆ, ಆಮೇಲೆ ಎರಡು ಎರಡೂವರೆ ತನಕ ಎಲ್ಲಿ ನೋಡಿದ್ರೂ ತಲೆಗಳೇ. ಸಂಜೆ ಕತ್ತಲಾಗೋ ಮುಂಚೆ ಎಲ್ರೂ ಇಳಿದು ಹೋಗ್ತಾರೆ.

ಅಂದ್ರೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಖಾಲಿ, ಆದರೆ ಅದು ಗುಲ್ಮಾರ್ಗ್‌ನಲ್ಲೇ ರಾತ್ರಿ ಉಳ್ಕೊಂಡವರಿಗೆ ಮಾತ್ರ. ಎರಡು ರಾತ್ರಿ ಅಲ್ಲೇ ಇರಿ. ದುಬಾರಿ ಹೌದು, ಶ್ರೀನಗರದ ಹೌಸ್‌ಬೋಟ್‌ನಲ್ಲಿ ಒಂದು ರಾತ್ರಿ ಕಮ್ಮಿ ಮಾಡಿ. ತಾರೀಕು ಆರಿಸೋದಕ್ಕಿಂತ ಇದೇ ಮುಖ್ಯ ಅಂತೀನಿ ನಾನು, ಡಿಸೆಂಬರ್‌ನಲ್ಲೇ ಹೋಗ್ಬೇಕಾಗಿ ಬಂದ್ರೂ ಮೇಲೆ ಉಳ್ಕೊಂಡ್ರೆ ಅರ್ಧ ತಲೆನೋವು ಹೋಗುತ್ತೆ.

ಗೊಂಡೋಲಾ ವಿಷಯ. ಮುಂಬೈಯ ಲಾಲ್‌ಬಾಗ್‌ಚಾ ರಾಜಾ ಗಣಪತಿ ಹತ್ರ ನವಸ್ (ಹರಕೆ) ಲೈನ್ ಬೇರೆ, ಮುಖದರ್ಶನದ ಲೈನ್ ಬೇರೆ ಇರುತ್ತಲ್ಲ, ಇಲ್ಲೂ ಹಾಗೇ ಎರಡು. ಫೇಸ್ ಒಂದು ಮಧ್ಯದ ಸ್ಟೇಷನ್ ಕೊಂಗ್‌ಡೂರಿ ತನಕ, ಫೇಸ್ ಎರಡು ಅಲ್ಲಿಂದ ಅಫರ್ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರ. ಗಾಳಿ ಜೋರಾದ್ರೆ, ಹಿಮ ಜಾರೋ ಅಪಾಯ ಇದ್ರೆ ಎರಡನೇದನ್ನ ನಿಲ್ಲಿಸಿಬಿಡ್ತಾರೆ, ಆಗ ಮೇಲೆ ಹೋಗ್ಬೇಕಿದ್ದವರೆಲ್ಲ ಕೊಂಗ್‌ಡೂರಿಯಲ್ಲೇ ಗುಂಪು. ಮಕ್ಕಳ ಜೊತೆ ನಿಮಗೆ ಫೇಸ್ ಒಂದು ಸಾಕು, ಅದೂ ಬೆಳಿಗ್ಗೆ ಶುರುವಾದ ಕೂಡ್ಲೇ ಹತ್ತಿ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ತಂಗ್‌ಮಾರ್ಗ್‌ನಲ್ಲಿ "ಸರ್, ಲೈನ್ ಇಲ್ದೆ ಕಳಿಸ್ತೀನಿ" ಅಂತ ಬೆನ್ನು ಹತ್ತೋರ ಮಾತಿಗೆ ಮರುಳಾಗ್ಬೇಡಿ. ಇನ್ನು ಮೊದಲ ಸಲ ಸ್ಕೀ ಹಾಕೋ ಮಕ್ಕಳಿಗೆ ಗೊಂಡೋಲಾನೇ ಬೇಡ, ಕೆಳಗಿನ ಬೇಬಿ ಸ್ಲೋಪ್‌ನಲ್ಲೇ ಕಲಿಸ್ತಾರೆ.

ಪ್ರಶ್ನೆ: ನಮಸ್ಕಾರ್ರಿ. ಊರು ಧಾರವಾಡ, ಪುಣೆದಾಗ ಐಟಿ ಕಂಪನಿಯೊಳಗ ಕೆಲಸಾ ಮಾಡ್ತೇನಿ. ಸುಮ್ನ ಫೋಟೋ ತಗಿಸ್ಕೊಳ್ಳಿಕ್ಕೆ ಅಲ್ಲ, ಸ್ಕೀಯಿಂಗ್ ಖರೇನ ಕಲೀಬೇಕು ಅಂತ ಮಾಡೇನಿ. ಗುಲ್ಮಾರ್ಗ್ ಛಲೋನೋ ಉತ್ತರಾಖಂಡದ ಔಲಿ ಛಲೋನೋ? ಗರ್ದಿ ಅಂದ್ರ ನಮಗ ಆಗಂಗಿಲ್ರಿ.
– ಓದುಗ, ಕೋಥ್ರೂಡ್, ಪುಣೆ

ಉತ್ತರ: ಛಲೋ ಆತು, ಕಲಿಯೋಕೆ ಹೋಗೋರಿಗೆ ಗರ್ದಿ ಅಷ್ಟು ತಟ್ಟಲ್ಲ, ಮೊದಲ ನಾಲ್ಕೈದು ದಿನ ನೀವು ಇಳಿಜಾರಿನ ಬುಡದಲ್ಲೇ ಬೀಳ್ತಾ ಏಳ್ತಾ ಇರ್ತೀರಿ. ಅಲ್ಲಿ ತೊಂದರೆ ಕೊಡೋದು ಸ್ಲೆಡ್ಜ್ ಎಳೆಯೋರು, ಸೆಲ್ಫಿ ತಗೊಳ್ಳೋರು, ಅವರೂ ಹನ್ನೊಂದರ ಮೇಲೇ ಬರೋದು. ಒಂದು ವಾರದ ಮೇಲೆ ಟೈಮ್ ಇದ್ರೆ ಕೋರ್ಸ್‌ಗೇ ಸೇರ್ಕೊಳ್ಳಿ. ಗುಲ್ಮಾರ್ಗ್‌ನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೇನಿಯರಿಂಗ್ ಇದೆ, ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮದವರು 7 ದಿನ, 14 ದಿನದ ಕೋರ್ಸ್ ನಡೆಸ್ತಾ ಬಂದಿದ್ದಾರೆ. ಇಂಥ ಕೋರ್ಸಿನ ಸೀಟು ಬೇಗ ತುಂಬುತ್ತೆ, ದಸರಾ ದೀಪಾವಳಿ ಹೊತ್ತಿಗೇ ವಿಚಾರಿಸಿ.

ಎರಡರಲ್ಲಿ ನನ್ನ ಓಟು ಗುಲ್ಮಾರ್ಗ್‌ಗೆ, ಎತ್ತರ ಜಾಸ್ತಿ, ಹಿಮ ಹೆಚ್ಚು ದಿನ ನಿಲ್ಲುತ್ತೆ. ಔಲಿಗೆ ಶನಿವಾರ ಭಾನುವಾರ ದೆಹಲಿ ಡೆಹ್ರಾಡೂನ್ ಕಡೆಯವರು ಗಾಡಿ ಹತ್ತಿಸ್ಕೊಂಡು ಬರ್ತಾರೆ, ಋಷಿಕೇಶದಿಂದ ಔಲಿಯ ಕೆಳಗಿನ ಊರು ಜೋಶಿಮಠಕ್ಕೇ ಒಂದು ದಿನದ ರಸ್ತೆ ಬೇರೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗಿದ್ದ ರೋಪ್‌ವೇ ನಿಲ್ಲಿಸಿದ್ರು, ಹಾಗಾಗಿ ಅದನ್ನ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ. ಗುಲ್ಮಾರ್ಗ್‌ನಲ್ಲೂ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ನಡೆಯೋ ದಿನ ನೋಡ್ಕೊಳ್ಳಿ, ರೂಮ್ ಸಿಗೋದೇ ಕಷ್ಟ. ಅದರ ತಾರೀಕನ್ನೂ ನಂಬೋ ಹಾಗಿಲ್ಲ, 2025ರಲ್ಲಿ ಫೆಬ್ರವರಿಯಲ್ಲಿ ಹಿಮ ಸಾಲ್ದೆ ಮಾರ್ಚ್‌ಗೆ ಹೋಯ್ತು.

ಪ್ರಶ್ನೆ: ನಾವಿಬ್ರೂ ಗೋವಾದಲ್ಲಿ ಹೋಟೆಲ್ ಕೆಲಸ. ಡಿಸೆಂಬರ್ ಜನವರಿ ನಮಗೆ ಉಸಿರಾಡೋಕೂ ಪುರುಸೊತ್ತಿಲ್ಲ, ರಜೆ ಸಿಗೋದು ಮಾರ್ಚ್ ಮೇಲೆ. ಅಷ್ಟೊತ್ತಿಗೆ ಹಿಮ ಇರುತ್ತಾ?
– ದಂಪತಿ, ಮಡಗಾಂವ್

ಉತ್ತರ: ಇರುತ್ತೆ, ನಿಮ್ಮದೇ ಅದೃಷ್ಟ. ಮಾರ್ಚ್ ಮೊದಲ ಎರಡು ವಾರ ಗುಲ್ಮಾರ್ಗ್ ಮಜಾ ಇರುತ್ತೆ, ಬಿಸಿಲೂ ಇರುತ್ತೆ, ಜನಾನೂ ಕಮ್ಮಿ. ಬಯಲಿನ ಹಿಮ ಮಧ್ಯಾಹ್ನಕ್ಕೆ ಕರಗಿ ಕಲಸಿದ ಹಾಗೆ ಆಗುತ್ತೆ, ಸ್ಕೀ ಏನಿದ್ರೂ ಬೆಳಿಗ್ಗೆನೇ ಮುಗಿಸಿ, ಮಧ್ಯಾಹ್ನದ ಮೇಲೆ ಹಿಮ ಬೇಕಂದ್ರೆ ಮೇಲಕ್ಕೆ ಹತ್ತಿ. ಮಾರ್ಚ್ ಕೊನೆ ಹೊತ್ತಿಗೆ ಶ್ರೀನಗರದ ಟುಲಿಪ್ ಗಾರ್ಡನ್ ತೆಗೀತಾರೆ ನೋಡಿ, ಆವಾಗ ಶುರು, ಹೂವು ನೋಡೋಕೆ ಬಂದವರೆಲ್ಲ ಒಂದು ದಿನ ಗುಲ್ಮಾರ್ಗ್ ಅಂತ ಸೇರಿಸ್ಕೊಂಡೇ ಇರ್ತಾರೆ. ಅದಕ್ಕಿಂತ ಮುಂಚೆ ಹೋಗ್ಬನ್ನಿ. ಈದ್ ಯಾವಾಗ ಬೀಳುತ್ತೆ ಅಂತಾನೂ ನೋಡಿ, ಹಬ್ಬದ ಮಾರನೇ ದಿನ ಕಣಿವೆಯ ಜನಾನೂ ಹೊರಗೆ ಬೀಳ್ತಾರೆ.

ಪ್ರಶ್ನೆ: ಮಗಳು ಅಳಿಯ ಫ್ರಾನ್ಸ್‌ನಲ್ಲಿದ್ದಾರೆ, ಫೆಬ್ರವರಿಯಲ್ಲಿ ಬನ್ನಿ, ಆಲ್ಪ್ಸ್‌ಗೆ ಹೋಗೋಣ ಅಂತಾರೆ. ಆಗ ರಶ್ ಇರುತ್ತಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಠಾಣೆ

ಉತ್ತರ: ಸರ್, ಫೆಬ್ರವರಿ ಅಂದ್ರೆ ಅಲ್ಲಿ ಕ್ರಿಸ್‌ಮಸ್ ಬಿಟ್ರೆ ಅತೀ ರಶ್ ಇರೋ ತಿಂಗಳು. ಫ್ರಾನ್ಸ್‌ನಲ್ಲಿ ಸ್ಕೂಲುಗಳನ್ನ ಮೂರು ಝೋನ್ ಮಾಡಿ, ಒಂದೊಂದಕ್ಕೆ ಎರಡೆರಡು ವಾರ ಚಳಿಗಾಲದ ರಜೆ ಕೊಡ್ತಾರೆ, ಒಂದರ ಮೇಲೊಂದು ಬಂದು ಒಟ್ಟು ನಾಲ್ಕು ವಾರ ಎಳೆಯುತ್ತೆ. ಬ್ರಿಟನ್ ಸ್ಕೂಲುಗಳ ಹಾಫ್ ಟರ್ಮ್ ರಜೆಯೂ ಅದೇ ತಿಂಗಳು. ಮೊಮ್ಮಕ್ಕಳಿಗೆ ಸ್ಕೂಲ್ ಇನ್ನೂ ಶುರುವಾಗಿಲ್ಲ ಅಂದ್ರೆ ಜನವರಿ ಎರಡನೇ ಮೂರನೇ ವಾರ ಕೇಳಿ ನೋಡಿ, ಇಲ್ಲಾ ಮಾರ್ಚ್ ಮಧ್ಯ. ಫೆಬ್ರವರಿಯೇ ಗಟ್ಟಿ ಅಂದ್ರೆ ಶನಿವಾರ ಮಾತ್ರ ರಸ್ತೆಗೆ ಇಳೀಬೇಡಿ, ಅಲ್ಲಿ ಬಾಡಿಗೆ ಮನೆಗಳು ಶನಿವಾರದಿಂದ ಶನಿವಾರಕ್ಕೆ, ಬರೋರು ಹೋಗೋರು ಎಲ್ಲಾ ಒಂದೇ ಘಾಟಿಯಲ್ಲಿ. ಭಾನುವಾರ ಸೇರ್ಕೊಳ್ಳೋ ಮನೆ ಸಿಗುತ್ತಾ ಅಂತ ಅಳಿಯನಿಗೆ ಈಗ್ಲೇ ಹುಡುಕೋಕೆ ಹೇಳಿ.