ಓದುಗರ ಪ್ರಶ್ನೆ: ಅಲ್ಲಿನ ಮರ ಬಾಳುತ್ತದೆ, ಇಲ್ಲಿನದೇಕೆ ಕುಂಬಾಗುತ್ತದೆ?

ಪ್ರಶ್ನೆ: ಫಿನ್‌ಲ್ಯಾಂಡಿನ ಪೆತಾಯಾವೆಸಿಯ ಲುಥೆರನ್ ಚರ್ಚ್ ಪೂರ್ತಿ ಮರದ್ದಂತೆ, ಇನ್ನೂ ನಿಂತಿದೆಯಂತೆ. ನಮ್ಮ ಹಂಚಿನ ಮಾಡಿನ ದೇವಾಲಯದಲ್ಲಿ ಪಕ್ಕಾಸಿನ (ಹಂಚನ್ನು ಹೊರುವ ಓರೆ ಮರಗಳ) ತುದಿಗಳೇ ಮತ್ತೆ ಮತ್ತೆ ಕುಂಬಾಗುತ್ತವೆ, ಅಂದರೆ ಕೊಳೆತು ಮೆತ್ತಗಾಗುತ್ತವೆ. ತೇಗ ಹಾಕಿಸಿದರೆ ಸರಿಹೋದೀತೇ?
– ಓದುಗರು, ಉಡುಪಿ

ಉತ್ತರ: ನೀರು ನಿಲ್ಲುವ ಜಾಗ ಹಾಗೇ ಉಳಿದರೆ ತೇಗವೂ ಹೋಗುತ್ತದೆ, ತುಸು ನಿಧಾನವಾಗಿ ಅಷ್ಟೆ.

ಪೆತಾಯಾವೆಸಿಯ ಚರ್ಚನ್ನು 1763ರಿಂದ 1765ರೊಳಗೆ ಕಟ್ಟಿದವನು ಯಾಕ್ಕೊ ಲೆಪ್ಪಾನೆನ್ ಎಂಬ ಬಡಗಿ. ಪೈನ್ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಮೂಲೆಯಲ್ಲಿ ಕಚ್ಚು ಕೊಟ್ಟು ಕೂಡಿಸಿದ ಗೋಡೆ. ನಾಲ್ಕೂ ಕೈ ಸಮನಾದ ಶಿಲುಬೆಯ ತಳವಿನ್ಯಾಸ. ನಡುವೆ ಎಂಟು ಮೂಲೆಯ ಗುಮ್ಮಟ. ಗಂಟೆಗೋಪುರ 1821ರದು, ಮೊಮ್ಮಗನ ಕೆಲಸ. 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಚಳಿನಾಡಿನಲ್ಲಿ ನಿಧಾನ ಬೆಳೆದ ಪೈನ್‌ನ ತಿರುಳು ಗಟ್ಟಿ, ಗೆದ್ದಲಿನ ಕಾಟವಿಲ್ಲ. ಮಾಡು ಕಡಿದಾಗಿರುವುದರಿಂದ ನೀರು ಬೇಗ ಜಾರುತ್ತದೆ, ಒದ್ದೆಯಾದ ಮರ ಮತ್ತೆ ಒಣಗುತ್ತದೆ. ತೇವ ಶೇ. 20ಕ್ಕಿಂತ ಕೆಳಗಿದ್ದರೆ ಮರ ಕೊಳೆಯುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿ ಮರದ ಗೋಡೆಯ ಗೊಡವೆಗೆ ಹೋಗಲಿಲ್ಲ. ಗೋಡೆಗೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಮಾಡಿಗೆ ಮಾತ್ರ ಮರ. 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಹಾಗಾಗಿ ಕಲ್ಲು ಮತ್ತು ಮರ ಕೂಡುವಲ್ಲೇ ನಮ್ಮ ತೊಂದರೆಯೆಲ್ಲ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತಿತ್ತು. ಈಗ ರಿಪೇರಿಯ ಹೆಸರಿನಲ್ಲಿ ಪಕ್ಕಾಸಿನ ಸುತ್ತ ಸಿಮೆಂಟ್ ಮೆತ್ತುತ್ತಾರೆ, ತುದಿ ಒಳಗೇ ನೆನೆದು ಕೂರುತ್ತದೆ. ನಿಮ್ಮದೂ ಇದೇ ಕತೆ ಇರಬಹುದು, ಮೊದಲು ಅದನ್ನು ನೋಡಿ.

ಬೇಸಗೆಯಲ್ಲಿ ಅಂಚಿನ ನಾಲ್ಕು ಸಾಲು ಹಂಚು ತೆಗೆದು, ಪ್ರತಿ ತುದಿಗೂ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಭಾಗ ಕುಂಬು. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಚೆನ್ನಾಗಿ ಒಣಗಿದ ಅದೇ ಜಾತಿಯ ತುಂಡನ್ನು ಓರೆಯಾಗಿ ಕೂಡಿಸಿ. ಕೂಡಿಕೆಯ ಉದ್ದ ಪಕ್ಕಾಸಿನ ದಪ್ಪದ ಮೂರು ಪಟ್ಟಾದರೂ ಇರಲಿ, ಎರಡು ಬೋಲ್ಟ್ ಬೇಕು, ಮೊಳೆ ನಂಬಬೇಡಿ. ಕಡಿದ ಮುಖಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಸಲ, ಮೊದಲನೆಯದು ಪೂರ್ತಿ ಹೀರಿಕೊಂಡ ಮೇಲೆ ಎರಡನೆಯದು. ಈ ಎಣ್ಣೆಯನ್ನು ಕೈಗವಸು ಇಲ್ಲದೆ ಮುಟ್ಟಿದರೆ ಚರ್ಮ ಬೊಬ್ಬೆ ಏಳುತ್ತದೆ. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಅರ್ಧ ಇಂಚು ಗಾಳಿಗೆ ಬಿಡಿ, ಅಲ್ಲಿ ಏನನ್ನೂ ತುಂಬಬೇಡಿ. ಮುಚ್ಚಿಗೆ (ಮಾಡಿನ ಕೆಳಗಿನ ಹಲಗೆಯ ತಾರಸಿ) ಇದ್ದರೆ ಅದರ ಮೇಲೂ ಗಾಳಿ ಆಡಲು ಎರಡೂ ಕೊನೆಯಲ್ಲಿ ಕಿಂಡಿ ಬೇಕು. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಆ ದಿನಕ್ಕೆ ಮುಂಚೆ, ಹಂಚು ವಾಪಸು ಕೂತಿರಲಿ.