ರಕ್ತದ ಅಂಕಿ ರೋಗಿಯ ಹಣೆಬರಹವಲ್ಲ: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಮಾನ್ಯ ಡಾಕ್ಟರ್ ಅವರಿಗೆ,

ನಮಸ್ಕಾರ. ಸೆಪ್ಸಿಸ್ (ಸೋಂಕಿಗೆ ದೇಹ ತೋರುವ ಹದತಪ್ಪಿದ ಪ್ರತಿಕ್ರಿಯೆಯಿಂದ ಅಂಗಾಂಗಗಳೇ ಸೋಲತೊಡಗುವ ಸ್ಥಿತಿ) ಆಗಿ ಐಸಿಯು ಸೇರಿದವರಲ್ಲಿ ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂಬುದನ್ನು ಲ್ಯಾಕ್ಟೇಟ್ (ಜೀವಕೋಶಗಳು ಸಕ್ಕರೆಯನ್ನು ಒಡೆಯುವಾಗ ಹುಟ್ಟುವ ವಸ್ತು), ಸೋಂಕು, ಉರಿಯೂತಗಳಲ್ಲಿ ಏರುವ ಪ್ರೋಟೀನುಗಳಾದ ಪ್ರೊಕ್ಯಾಲ್ಸಿಟೋನಿನ್, ಸಿಆರ್‌ಪಿ ಮುಂತಾದ ರಕ್ತಸೂಚಕಗಳಿಂದ ಮೊದಲೇ ತಿಳಿಯಬಹುದೆಂದು ವಿವರಿಸುವ ತಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಸಾವುಗಳು ಸೆಪ್ಸಿಸ್‌ಗೆ ಸಂಬಂಧಿಸಿದವು ಎಂಬ ಅಂದಾಜಿದೆ. ಹಾಗಿದ್ದೂ ಸೆಪ್ಸಿಸ್ ಎಂದರೇನೆಂದು ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತಾಗುವುದು ಮನೆಯವರೊಬ್ಬರು ಐಸಿಯು ಸೇರಿದ ಮೇಲೆಯೇ. ಆದ್ದರಿಂದ ತಿದ್ದಿ ಕಳುಹಿಸಬೇಕೆಂದು ಕೇಳಿಕೊಳ್ಳುತ್ತಾ, ಏನನ್ನು ಏಕೆ ತಿದ್ದಬೇಕೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಲೇಖನದ ಅತ್ಯುತ್ತಮ ಭಾಗ ಎರಡನೆಯ ಪುಟದಲ್ಲಿದೆ. ರಾತ್ರಿ ಪಾಳಿಯ ನರ್ಸ್ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಿ, ಎಬಿಜಿ (ರಕ್ತದಲ್ಲಿನ ಅನಿಲಗಳನ್ನು ಅಳೆಯುವ) ಯಂತ್ರದ ಮುಂದೆ ನಿಂತು ಕಾಯುವುದನ್ನೂ, ಕಿರಿದಾದ ಕಾಗದದ ಪಟ್ಟಿಯಲ್ಲಿ ಲ್ಯಾಕ್ಟೇಟ್ 4.6 ಎಂದು ಮೂಡುವುದನ್ನೂ ಕಣ್ಣಾರೆ ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ಅದರ ಮರುವಾಕ್ಯದಲ್ಲೇ ‘ಲ್ಯಾಕ್ಟೇಟ್ 4 ದಾಟಿದರೆ ರೋಗಿ ಬದುಕುವುದಿಲ್ಲ’ ಎಂದಿದ್ದೀರಿ. ಈ ವಾಕ್ಯ ತಪ್ಪು, ಅಪಾಯಕಾರಿ ಕೂಡ. 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು 65ರಲ್ಲಿ ಹಿಡಿದಿಡಲು ಔಷಧಿಯ ನೆರವು ಬೇಕಾಗಿ, ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್‌ಗಿಂತ ಮೇಲೆಯೇ ಉಳಿದರೆ ಅದು ಸೆಪ್ಸಿಸ್‌ನ ಅತಿ ತೀವ್ರ ರೂಪವಾದ ಸೆಪ್ಟಿಕ್ ಶಾಕ್. ಆ ವ್ಯಾಖ್ಯೆಗೆ ಆಧಾರವಾದ ದತ್ತಾಂಶದಲ್ಲಿ ಅಂಥ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಭಯಂಕರವಾದ ಅಂಕಿಯೇ ಸರಿ, ಆದರೂ ಉಳಿದವರೇ ಹೆಚ್ಚು.

ಲ್ಯಾಕ್ಟೇಟ್ ಏಕೆ ಏರುತ್ತದೆ ಎಂಬುದಕ್ಕೂ ತಾವು ‘ಆಮ್ಲಜನಕದ ಕೊರತೆ’ ಎಂಬ ಒಂದೇ ಕಾರಣ ಕೊಟ್ಟಿದ್ದೀರಿ. ತೊಟ್ಟಿಯ ನೀರಿನ ಮಟ್ಟದಂತೆ ಅದು ಒಳಹರಿವು, ಹೊರಹರಿವು ಎರಡನ್ನೂ ಅವಲಂಬಿಸಿದೆ. ಒತ್ತಡದಲ್ಲಿರುವ ದೇಹದ ಅಡ್ರಿನಲಿನ್, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅದರ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ಯಕೃತ್ತು ಸೋತಿದ್ದರೆ ಅದು ಬೇಗ ಇಳಿಯುವುದಿಲ್ಲ. ಹಾಗಾಗಿಯೇ ಒಂದು ಬಾರಿಯ ಅಂಕಿಗಿಂತ, ಚಿಕಿತ್ಸೆ ಆರಂಭವಾದ ಮೇಲೆ ಅದು ಇಳಿಯುತ್ತಿದೆಯೇ ಎಂಬುದು ಹೆಚ್ಚು ತಿಳಿಸುತ್ತದೆ. ಇಲ್ಲಿ 2019ರ ಆಂಡ್ರೋಮೆಡಾ ಶಾಕ್ ಅಧ್ಯಯನವನ್ನು ಸೇರಿಸಿ. ದಕ್ಷಿಣ ಅಮೆರಿಕದ 5 ದೇಶಗಳ 424 ರೋಗಿಗಳಲ್ಲಿ ಒಂದು ಗುಂಪಿಗೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ ನಡೆಯಿತು. ಇನ್ನೊಂದು ಗುಂಪಿನಲ್ಲಿ ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಹತ್ತು ಸೆಕೆಂಡು ಒತ್ತಿಹಿಡಿದು ಬಿಟ್ಟು, ಚರ್ಮದ ಬಣ್ಣ ಮೂರು ಸೆಕೆಂಡಿನೊಳಗೆ ಮರಳುತ್ತದೆಯೇ ಎಂದು ನೋಡಿದರು. 28 ದಿನಗಳಲ್ಲಿ ಮೃತಪಟ್ಟವರು ಬೆರಳ ಗುಂಪಿನಲ್ಲಿ ಶೇ 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ 43.4. ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಸಾಬೀತಾಗಲಿಲ್ಲ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಬೇಕು.

ಇನ್ನು ದೊಡ್ಡ ದೋಷಕ್ಕೆ ಬರುತ್ತೇನೆ. ‘ಈ ಸೂಚಕದ ಎಯುಸಿ 0.80, ಅಂದರೆ ಅದು ಶೇ 80ರಷ್ಟು ನಿಖರ’ ಎಂದು ಬರೆದಿದ್ದೀರಿ. ಎಯುಸಿ ಎಂಬ ಅಳತೆಯ ಅರ್ಥ ಅದಲ್ಲ. ಮೃತಪಟ್ಟ ಒಬ್ಬರನ್ನೂ ಬದುಕುಳಿದ ಒಬ್ಬರನ್ನೂ ಗೊತ್ತುಗುರಿಯಿಲ್ಲದೆ ಆರಿಸಿ ಜೋಡಿ ಮಾಡುತ್ತಾ ಹೋದರೆ, ನೂರು ಜೋಡಿಗಳ ಪೈಕಿ ಸುಮಾರು ಎಂಬತ್ತರಲ್ಲಿ ಮೃತಪಟ್ಟವರ ಅಂಕಿ ಹೆಚ್ಚಾಗಿರುತ್ತದೆ ಎಂದಷ್ಟೇ ಅದು ಹೇಳುತ್ತದೆ. ಹಾಸಿಗೆಯ ಮೇಲೆ ಮಲಗಿರುವ ಒಬ್ಬ ರೋಗಿಗೆ ಇದರಿಂದ ಏನು ತಿಳಿಯಿತು ಎಂಬುದನ್ನು ಲೆಕ್ಕ ಹಾಕಿ ತೋರಿಸಿ. ಉದಾಹರಣೆಗೆ, ನೂರು ರೋಗಿಗಳಲ್ಲಿ 20 ಮಂದಿ ಸಾಯುತ್ತಾರೆಂದು ಇಟ್ಟುಕೊಳ್ಳೋಣ. ಸಾಯುವವರಲ್ಲಿ ಶೇ 80 ಮಂದಿಯನ್ನು ಗುರುತಿಸುವ, ಬದುಕುವವರಲ್ಲೂ ಶೇ 80 ಮಂದಿಯನ್ನು ಸರಿಯಾಗಿ ಹೇಳುವ ಪರೀಕ್ಷೆ ನಮ್ಮಲ್ಲಿದೆ ಎನ್ನೋಣ. ಅದು ಆ 20ರಲ್ಲಿ 16 ಮಂದಿಗೆ ‘ಸಾವು’ ಎನ್ನುತ್ತದೆ. ಬದುಕುವ 80ರಲ್ಲಿಯೂ 16 ಮಂದಿಗೆ ‘ಸಾವು’ ಎನ್ನುತ್ತದೆ. ಹೀಗೆ ಪರೀಕ್ಷೆ ಕೈಬಿಟ್ಟ 32 ಮಂದಿಯಲ್ಲಿ ಸರಿಯಾಗಿ ಅರ್ಧದಷ್ಟು ಜನ ಮನೆಗೆ ಹೋಗುತ್ತಾರೆ. ಈ ಲೆಕ್ಕ ಲೇಖನದ ನಡುಮಧ್ಯದಲ್ಲಿ ಇರಲೇಬೇಕು.

ಹತ್ತೊಂಬತ್ತು ಸೂಚಕಗಳ ಕೋಷ್ಟಕವನ್ನು ತೆಗೆದುಬಿಡಿ. 2020ರ ಒಂದು ವಿಮರ್ಶಾ ಲೇಖನ ಸೆಪ್ಸಿಸ್‌ಗೆ ಸಂಬಂಧಿಸಿದ 258 ಸೂಚಕಗಳನ್ನು ಎಣಿಸಿತ್ತು. ಪಟ್ಟಿ ಬೆಳೆಸಿದಷ್ಟೂ ಓದುಗನ ತಿಳಿವು ಬೆಳೆಯುವುದಿಲ್ಲ. ಪ್ರೊಕ್ಯಾಲ್ಸಿಟೋನಿನ್ ಒಂದನ್ನು ಉಳಿಸಿಕೊಂಡು, ಅದರ ನಿಜವಾದ ಉಪಯೋಗವನ್ನು ಬರೆಯಿರಿ: ಆಂಟಿಬಯಾಟಿಕ್ ಯಾವಾಗ ಶುರು ಮಾಡಬೇಕೆಂಬುದಕ್ಕೆ ಅದನ್ನು ಕಾಯಬೇಡಿ, ಯಾವಾಗ ನಿಲ್ಲಿಸಬಹುದೆಂಬುದಕ್ಕೆ ಅದರ ಇಳಿಕೆಯನ್ನು ನೋಡಬಹುದು ಎಂಬುದೇ 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿಯ ಸಲಹೆಯ ಸಾರ. ತೆರವಾದ ಜಾಗದಲ್ಲಿ ಪ್ಲೇಟ್‌ಲೆಟ್, ಯಕೃತ್ತಿನ ಸ್ಥಿತಿ ಹೇಳುವ ಬಿಲಿರುಬಿನ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಬರಲಿ. ಅಂಗಗಳು ಎಷ್ಟು ಸೋತಿವೆಯೆಂದು ಅಳೆಯಲು ಬಳಸುವ, ಆರು ಅಂಗವ್ಯವಸ್ಥೆಗಳಿಗೆ ತಲಾ 4ರಂತೆ ಒಟ್ಟು 24 ಅಂಕಗಳ ಎಸ್‌ಒಎಫ್‌ಎ ಪಟ್ಟಿಯಲ್ಲಿ ಇವು ಮೂರೂ ಇವೆ. ಡೆಂಗಿಯ ದೆಸೆಯಿಂದ ನಮ್ಮ ಓದುಗರಿಗೆ ಪ್ಲೇಟ್‌ಲೆಟ್ ಚಿರಪರಿಚಿತ. ಅಗ್ಗದ, ಸಾಮಾನ್ಯ ಪರೀಕ್ಷೆಗಳೇ ರೋಗದ ತೀವ್ರತೆಯನ್ನು ಎಷ್ಟೊಂದು ತಿಳಿಸುತ್ತವೆ ಎಂಬುದನ್ನು ಅವರಿಗೆ ಹೇಳುವವರು ಬೇಕು.

ಇಷ್ಟೊಂದು ನಿಷ್ಠುರವಾಗಿ ಬರೆಯಲು ಕಾರಣವಿದೆ. ತಮ್ಮ ಲೇಖನವನ್ನು ಓದುವವರಲ್ಲಿ ಕೆಲವರಾದರೂ ಐಸಿಯು ಹೊರಗಿನ ಬೆಂಚಿನ ಮೇಲೆ ಲ್ಯಾಬ್ ರಿಪೋರ್ಟ್ ಹಿಡಿದು ಕುಳಿತಿರುತ್ತಾರೆ. ನಾಳಿನ ಬಿಲ್ಲಿಗೆ ಹಣ ಎಲ್ಲಿಂದ ತರುವುದೆಂದು ಯೋಚಿಸುತ್ತಿರುವ ಮಗನೊಬ್ಬ ‘4 ದಾಟಿದರೆ ಬದುಕುವುದಿಲ್ಲ’ ಎಂಬ ಅಚ್ಚಾದ ಸಾಲನ್ನು ಓದಿ, ನಾವೇ ಕರೆದುಕೊಂಡು ಹೋಗುತ್ತೇವೆಂದು ಸಹಿ ಹಾಕಿಬಿಡಬಹುದು. ಆಮೇಲೆ ಸಂಭವಿಸುವ ಸಾವು ಸೂಚಕದ ಲೆಕ್ಕದಲ್ಲಿ ‘ಸರಿಯಾದ ಮುನ್ಸೂಚನೆ’ ಎಂದೇ ಜಮೆಯಾಗುತ್ತದೆ. ಮುನ್ಸೂಚನೆಯೇ ಫಲಿತಾಂಶವನ್ನು ತಂದುಕೊಳ್ಳುವ ಈ ತೊಡಕಿನ ಬಗ್ಗೆ ತಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ. ವೈದ್ಯರಾದ ತಾವೇ ಅದನ್ನು ಬರೆಯಬೇಕು. ಅಂಕಿ ಏರಿದ್ದರೆ ಮನೆಯವರು ವೈದ್ಯರನ್ನು ಏನು ಕೇಳಬೇಕು, ಸೋಂಕಿನ ಮೂಲ ಸಿಕ್ಕಿತೇ, ಆರು ಗಂಟೆಯ ಹಿಂದಿಗಿಂತ ಈಗ ಮೂತ್ರ ಹೇಗೆ ಹೋಗುತ್ತಿದೆ, ರಕ್ತದೊತ್ತಡದ ಔಷಧಿ ಏರಿದೆಯೋ ಇಳಿದಿದೆಯೋ ಎಂಬ ಪ್ರಶ್ನೆಗಳು ಕೊನೆಯ ಪುಟದಲ್ಲಿ ಇರಲಿ.

ಶೀರ್ಷಿಕೆಯಿಂದ ‘ಭವಿಷ್ಯ’ ಎಂಬ ಪದವನ್ನು ಬಿಡಿ. 1,200 ಪದಗಳೊಳಗೆ ತಿದ್ದಿ ಕಳುಹಿಸಿದರೆ ಮುಂದಿನ ಆರೋಗ್ಯ ಸಂಚಿಕೆಯಲ್ಲಿ ಸ್ಥಳ ಕಾದಿರಿಸುತ್ತೇನೆ. ಎಬಿಜಿ ಯಂತ್ರದ ಆ ಪ್ಯಾರಾವನ್ನು ಮಾತ್ರ ದಯವಿಟ್ಟು ಒಂದಕ್ಷರವೂ ಬದಲಿಸದೆ ಹಾಗೆಯೇ ಇಡಿ.

ವಿಶ್ವಾಸದಿಂದ,
ಸಂಪಾದಕ