ಕಾನೂನು ಕೇಳಿ: ಅದು ಮಗುವಿನ ದುಡ್ಡು

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಇರೋದು ಮಕ್ಕಳ ಖರ್ಚು ಯಾರು ಕೊಡ್ಬೇಕು, ಮಕ್ಕಳು ಯಾರ ಹತ್ರ ಇರ್ಬೇಕು ಅನ್ನೋದೇ. ಬರ್ದೋರೆಲ್ಲ ದಿನಗೂಲಿ ಇಲ್ಲ ಸಣ್ಣ ಸಂಬಳದೋರು. ಅದಕ್ಕೆ ಆಸ್ತಿ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಟು ಇವನ್ನೇ ತಗೊಂಡಿದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತೀನಿ ಮೇಡಂ. ಮನೆಯವರು ಟೈಲ್ಸ್ ಕೆಲಸ ಮಾಡ್ತಾರೆ, ಎರಡು ವರ್ಷದಿಂದ ನಮ್ಮನ್ನ ಬಿಟ್ಟು ಅವರ ಊರಲ್ಲಿದಾರೆ, ಡೈವೋರ್ಸ್ ಆಗಿಲ್ಲ. 7 ವರ್ಷದ ಮಗ, 4 ವರ್ಷದ ಮಗಳು ನನ್ ಹತ್ರನೇ ಇದಾರೆ. ದುಡ್ಡು ಕೇಳಿದ್ರೆ ನನಗೇನು ಸಂಬಳದ ಚೀಟಿ ಇದ್ಯಾ, ಕೋರ್ಟಲ್ಲಿ ಏನ್ ತೋರಿಸ್ತೀಯ ಅಂತಾರೆ, ಕೇಸ್ ಹಾಕಿದ್ರೆ ಮಗನ್ನ ಕರ್ಕೊಂಡು ಹೋಗ್ತೀನಿ ಅಂತಾನೂ ಹೆದರಿಸ್ತಾರೆ. ಲಾಯರ್‌ಗೆ ಕೊಡೋಕೆ ದುಡ್ಡಿಲ್ಲ.

ಉತ್ತರ: ತಂಗಿ, ಮೊದಲು ಲಾಯರ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಎಷ್ಟೋ ಹೆಣ್ಮಕ್ಕಳು ಅಲ್ಲೇ ನಿಂತು ಹೋಗ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ವಕೀಲರನ್ನ ಫ್ರೀಯಾಗಿ ಕೊಡ್ತಾರೆ, ಆದಾಯ ಎಷ್ಟು ಅಂತ ಕೇಳೋ ಹಾಗೇ ಇಲ್ಲ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಬಿಲ್ಡಿಂಗ್‌ನಲ್ಲೇ ಫ್ಯಾಮಿಲಿ ಕೋರ್ಟ್ ಇದೆ, ಕಾನೂನು ಸೇವಾ ಪ್ರಾಧಿಕಾರದ ಆಫೀಸೂ ಅಲ್ಲೇ ಇದೆ. ಒಂದು ದಿನ ರಜಾ ಹಾಕಿ ಹೋಗಿ, ಇಲ್ಲಾಂದ್ರೆ ಮೊದಲು 15100ಕ್ಕೆ ಫೋನ್ ಮಾಡಿ ಕೇಳ್ಕೊಳಿ.

ಡೈವೋರ್ಸ್ ಆಗ್ಲೇಬೇಕು ಅಂತೇನಿಲ್ಲ. ಮೊದಲು ಸಿ.ಆರ್.ಪಿ.ಸಿ. 125 ಅಂತಿದ್ರಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ, ಹೆಸರು ಬದಲಾಗಿದೆ ಅಷ್ಟೆ, ಹೆಂಡತಿ ಮಕ್ಕಳ ಜೀವನಾಂಶ ಅದರಲ್ಲೇ ಕೇಳೋದು. ಗಂಡ ಇರೋ ಊರಿಗೆ ನೀವು ಅಲೆಯೋದೂ ಬೇಡ, ನೀವು ಈಗ ಎಲ್ಲಿ ವಾಸ ಇದೀರೋ ಅಲ್ಲೇ ಅರ್ಜಿ ಹಾಕ್ಬೋದು. ಅರ್ಜಿ ಜೊತೆಗೇ ಮಧ್ಯಂತರ ಜೀವನಾಂಶಕ್ಕೂ ಒಂದು ಅರ್ಜಿ ಹಾಕಿ ಅಂತ ವಕೀಲರಿಗೆ ಹೇಳಿ, ಮರೀಬೇಡಿ. ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟೂ ಅದನ್ನ ತೀರ್ಮಾನ ಮಾಡ್ಬೇಕು ಅಂತ ಕಾನೂನಲ್ಲೇ ಇದೆ. ನಿಜ ಹೇಳ್ಬೇಕಂದ್ರೆ ನೋಟಿಸ್ ಮುಟ್ಟೋದೇ ತಡ ಆಗುತ್ತೆ, ಡೇಟ್ ಮೇಲೆ ಡೇಟ್ ಬೀಳುತ್ತೆ, ಆದ್ರೆ ತಡ ಆದ್ರೂ ನಿಮಗೆ ನಷ್ಟ ಆಗ್ಬಾರ್ದು ಅಂತಾನೇ 2020ರಲ್ಲಿ ರಜನೀಶ್ ವರ್ಸಸ್ ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕ್ಬೇಕು ಅಂತ ಹೇಳಿದೆ. ಅದಕ್ಕೇ ಹಬ್ಬ ಆಗ್ಲಿ, ಪರೀಕ್ಷೆ ಮುಗೀಲಿ ಅಂತ ಮುಂದೆ ಹಾಕ್ಬೇಡಿ, ಹಾಕದೇ ಇರೋ ಒಂದೊಂದು ತಿಂಗಳೂ ಕೈಬಿಟ್ಟು ಹೋದ ಹಾಗೆ.

ಇನ್ನು ಸಂಬಳದ ಚೀಟಿ. ಅದೇ ತೀರ್ಪಿನ ಪ್ರಕಾರ ಇಬ್ರೂ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲ ಬರೆದು ಅಫಿಡವಿಟ್ ಕೊಡ್ಲೇಬೇಕು, ಮುಚ್ಚಿಟ್ರೆ ಕೋರ್ಟ್ ಅದನ್ನ ಅವರ ವಿರುದ್ಧವೇ ತಗೊಳುತ್ತೆ. ನಿಮಗೆ ಗೃಹಲಕ್ಷ್ಮಿ ದುಡ್ಡು ಬರ್ತಿದ್ರೆ ನೀವೂ ಬರೀರಿ, ಅದು ಬರುತ್ತೆ ಅಂತ ಅಪ್ಪನ ಜವಾಬ್ದಾರಿ ಹೋಗಲ್ಲ. ಕೈಕಾಲು ಗಟ್ಟಿ ಇರೋ ಗಂಡಸು ಕೂಲಿ ಮಾಡಿಯಾದ್ರೂ ಹೆಂಡತಿ ಮಕ್ಕಳನ್ನ ಸಾಕ್ಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. ಟೈಲ್ಸ್ ಕೆಲಸಕ್ಕೆ ದಿನಕ್ಕೆ ಎಷ್ಟು ಕೂಲಿ ಇದೆ ಅನ್ನೋದು ಜಡ್ಜ್‌ಗೂ ಗೊತ್ತಿರುತ್ತೆ. ಅವರು ಕೆಲಸ ಮಾಡ್ತಿರೋ ಸೈಟಿನ ಫೋಟೋ, ಬೈಕ್ ನಂಬರ್, ಮೇಸ್ತ್ರಿ ಹೆಸರು, ಮುಂಚೆ ಫೋನ್‌ಪೇಲಿ ಹಾಕಿದ್ದ ದುಡ್ಡು, ಕಾರ್ಮಿಕ ಕಾರ್ಡ್ ಇದ್ರೆ ಅದರ ವಿವರ, ಸಿಕ್ಕಿದ್ದೆಲ್ಲ ಕೊಡಿ.

ಖರ್ಚಿಗೂ ಲೆಕ್ಕ ಬೇಕು. ನನ್ ಹತ್ರ ಬಂದಿದ್ದ ಒಬ್ಬ ತಾಯಿ, ಮನೆಕೆಲಸ ಮಾಡ್ತಿದ್ದೋರು, ಮಗನ ಹಳೇ ಕಾಪಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ಸಿಲ್‌ನಲ್ಲಿ ಬರ್ಕೊಂಡಿದ್ರು: ಅರ್ಧ ಲೀಟರ್ ಹಾಲು, ವ್ಯಾನ್ ಫೀಸು, ಜ್ವರದ ಸಿರಪ್, ಶೂ ಹರಿದಿದ್ದು ಹೊಲಿಸಿದ್ದು. ಮೆಡಿಕಲ್ ಶಾಪಿನ ಚೀಟಿಗಳನ್ನ ಅದೇ ಹಾಳೆಗೆ ಅನ್ನದ ಅಗುಳಲ್ಲಿ ಅಂಟಿಸಿದ್ರು. ನಾವು ಟೈಪ್ ಮಾಡಿಸಿದ ದೊಡ್ಡ ದೊಡ್ಡ ಪೇಜಿಗಿಂತ ಆ ಪುಸ್ತಕನೇ ಕೋರ್ಟಲ್ಲಿ ಕೆಲಸ ಮಾಡ್ತು. ನೀವೂ ಇವತ್ತಿಂದಲೇ ಶುರು ಮಾಡಿ.

ಮಗನ ವಿಷಯಕ್ಕೆ ಬಂದ್ರೆ, ಹಿಂದೂಗಳಿಗೆ 1956ರ ಅಪ್ರಾಪ್ತರ ಪೋಷಕತ್ವದ ಕಾಯ್ದೆ ಪ್ರಕಾರ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ರನೇ ಇರ್ಬೇಕು, ಹಾಗಾಗಿ ಮಗಳ ಬಗ್ಗೆ ಭಯ ಕಮ್ಮಿ. ಮಗನಿಗೆ 7 ಆಗಿದೆ, ಹಾಗಂತ ತಾನಾಗೇ ಅಪ್ಪನಿಗೆ ಹೋಗ್ಬಿಡ್ತಾನೆ ಅಂತೇನಿಲ್ಲ, ಕೋರ್ಟ್ ನೋಡೋದು ಮಗುವಿನ ಹಿತ. ಯಾವ ಸ್ಕೂಲು, ಯಾರು ಊಟ ಹಾಕ್ತಾರೆ, ಜ್ವರ ಬಂದ್ರೆ ಯಾರು ಆಸ್ಪತ್ರೆಗೆ ಓಡ್ತಾರೆ, ಅಣ್ಣ ತಂಗಿನ ಬೇರೆ ಮಾಡೋದು ಸರಿನಾ, ಇದೆಲ್ಲ ಬರುತ್ತೆ. ನಿಮ್ ಸಂಬಳ ಕಮ್ಮಿ ಅನ್ನೋದೊಂದೇ ಕಾರಣಕ್ಕೆ ಮಗುನ ಕಿತ್ಕೊಳಲ್ಲ, ಆ ಕೊರತೆ ತುಂಬೋಕೇ ತಾನೆ ಜೀವನಾಂಶ ಇರೋದು. ಹೆದರಿಕೆ ಜಾಸ್ತಿ ಇದ್ರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಕೆಳಗೆ ನೀವೇ ಮೊದಲು ಕಸ್ಟಡಿ ಅರ್ಜಿ ಹಾಕಿ, ಮಗು ಎಲ್ಲಿ ಬೆಳೀತಿದೆಯೋ ಅಲ್ಲಿನ ಕೋರ್ಟೇ ಅದನ್ನ ನೋಡೋದು. ಹೊಡೆದು ಬಡಿದು ಮಾಡ್ತಿದ್ರೆ ಸಿ.ಡಿ.ಪಿ.ಓ. (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ಸಂರಕ್ಷಣಾಧಿಕಾರಿನ ನೋಡಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಮಕ್ಕಳ ತಾತ್ಕಾಲಿಕ ಕಸ್ಟಡಿನೂ ಕೇಳ್ಬೋದು.

ಪ್ರಶ್ನೆ: ದಾವಣಗೆರೇಲಿ ಬಾಡಿಗೆ ಆಟೋ ಓಡಿಸ್ತಿದ್ದೆ. ಮಗಳಿಗೆ ತಿಂಗಳಿಗೆ 5000 ಕೊಡ್ಬೇಕು ಅಂತ ಆರ್ಡರ್ ಆಗಿತ್ತು, ಕೊಡ್ತಾನೂ ಇದ್ದೆ, ಆಮೇಲೆ ಆಕ್ಸಿಡೆಂಟ್ ಆಗಿ ಕಾಲಿಗೆ ರಾಡ್ ಹಾಕಿದಾರೆ, 5 ತಿಂಗಳಿಂದ ಕೊಡೋಕಾಗಿಲ್ಲ. ಹೆಂಡತಿ ಮಗಳನ್ನ ತೋರಿಸ್ತಾ ಇಲ್ಲ. ತೋರಿಸದೇ ಇದ್ರೆ ನಾನ್ಯಾಕೆ ಕೊಡ್ಬೇಕು? ಅರೆಸ್ಟ್ ಮಾಡ್ತಾರಾ?

ಉತ್ತರ: ನಿಮ್ ಕಷ್ಟ ಅರ್ಥ ಆಗುತ್ತೆ ತಮ್ಮ, ಆದ್ರೆ ಈ ಎರಡನ್ನ ಗಂಟು ಹಾಕ್ಬೇಡಿ. ದುಡ್ಡು ನಿಮ್ ಹೆಂಡತಿದಲ್ಲ, ಮಗಳದು. ತೋರಿಸಲ್ಲ ಅಂತ ಕೊಡೋದು ನಿಲ್ಸೋ ಹಾಗಿಲ್ಲ, ಕೊಟ್ಟಿಲ್ಲ ಅಂತ ಅವರು ತೋರಿಸದೇ ಇರೋ ಹಾಗೂ ಇಲ್ಲ. ಭೇಟಿಗೆ ಬೇರೆ ಅರ್ಜಿ ಹಾಕಿ, ವಾರಕ್ಕೋ ಹದಿನೈದು ದಿನಕ್ಕೋ ಒಂದ್ಸಲ ನೋಡೋ ಹಾಗೆ ಮಧ್ಯಂತರ ಆದೇಶ ಕೇಳ್ಬೋದು.

ನೀವು ಮಾಡಿರೋ ತಪ್ಪು ಅಂದ್ರೆ ಸುಮ್ನೆ ಕೂತಿದ್ದು. ಪರಿಸ್ಥಿತಿ ಬದಲಾದ್ರೆ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಸೆಕ್ಷನ್ ಕೆಳಗೆ ಮೊತ್ತ ಕಮ್ಮಿ ಮಾಡಿ ಅಂತ ಕೇಳೋಕೆ ದಾರಿ ಇದೆ (ಖರ್ಚು ಜಾಸ್ತಿ ಆಗಿದೆ ಅಂತ ಏರಿಸೋಕೂ ಅದೇ ಸೆಕ್ಷನ್). ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಡಾಕ್ಟರ್ ಸರ್ಟಿಫಿಕೇಟ್ ಇಟ್ಕೊಂಡು ಈ ವಾರವೇ ಹೋಗಿ. ಆದೇಶ ಬದಲಾಗೋ ತನಕ ಹಳೇ ಮೊತ್ತವೇ ಬಾಕಿ ಏರ್ತಾ ಹೋಗುತ್ತೆ. ಅವರು ಬಾಕಿಗೆ ಅರ್ಜಿ ಹಾಕಿದ್ರೆ ವಾರಂಟ್ ಬರುತ್ತೆ, ಸಕಾರಣ ಇಲ್ದೆ ಕೊಟ್ಟಿಲ್ಲ ಅಂತಾದ್ರೆ ಒಂದು ತಿಂಗಳ ತನಕ ಜೈಲಿಗೂ ಕಳಿಸ್ಬೋದು, ಜೈಲಿಗೆ ಹೋಗಿ ಬಂದ್ರೂ ಬಾಕಿ ಮನ್ನಾ ಆಗಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಹಾಗಾಗಿ ಅಲ್ಲೀವರೆಗೂ ಸಾವಿರ ಆಗ್ಲಿ 500 ಆಗ್ಲಿ ಕಳಿಸ್ತಾ ಇರಿ, ಕೈಗೆ ಕೊಡ್ಬೇಡಿ, ಬ್ಯಾಂಕ್ ಅಕೌಂಟಿಗೆ ಹಾಕಿ. ಬಾಕಿನ ಕಂತಲ್ಲಿ ಕಟ್ತೀನಿ ಅಂತ ಕೇಳಿ, ಮನಸ್ಸಿದೆ ಅಂತ ಕಂಡ್ರೆ ಕೋರ್ಟು ಸಾಮಾನ್ಯವಾಗಿ ಕಿವಿಗೊಡುತ್ತೆ. ಗಂಡಸರಿಗೂ ಆದಾಯ ಮಿತಿಯೊಳಗಿದ್ರೆ ಫ್ರೀ ವಕೀಲರು ಸಿಗ್ತಾರೆ, ಎಸ್.ಸಿ., ಎಸ್.ಟಿ.ಯವರಿಗಂತೂ ಮಿತಿನೇ ಇಲ್ಲ.

(ಬಾಕಿ ಬರ್ಬೇಕಾಗಿರೋ ತಾಯಂದಿರಿಗೊಂದು ಮಾತು: ಆ ವಾರಂಟ್ ಅರ್ಜಿನ ದುಡ್ಡು ಕೊಡ್ಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕ್ಬೇಕು. ಮೂರು ವರ್ಷದ್ದು ಒಟ್ಟಿಗೆ ಕೇಳೋಣ ಅಂತ ಕಾಯ್ಬೇಡಿ.)

ಪ್ರಶ್ನೆ: ಮಗಳು ತೀರಿಕೊಂಡು ಮೂರು ವರ್ಷ ಆತ್ರಿ. 9 ವರ್ಷದ ಮೊಮ್ಮಗನ್ನ ನಾನೇ ಸಾಕಾಕತ್ತೀನಿ, ಹೊಲದ ಕೂಲಿ ನಂದು. ಅಳಿಯ ಬ್ಯಾರೆ ಮದುವಿ ಆಗ್ಯಾನ, ಒಂದು ರೂಪಾಯಿ ಕೊಟ್ಟಿಲ್ಲ, ಈಗ ಹುಡುಗನ್ನ ಕಳಸು ಅಂತಾನ. ಕಳಸಬೇಕೇನ್ರಿ? (ಸಿಂಧನೂರು ತಾಲೂಕು)

ಉತ್ತರ: ಅಮ್ಮ, ನಿಮಗೆ ಸುಳ್ಳು ಭರವಸೆ ಕೊಡೋಕೆ ಇಷ್ಟ ಇಲ್ಲ. ಕಾನೂನಲ್ಲಿ ಸಹಜ ಪೋಷಕ ಅಂದ್ರೆ ಅಪ್ಪನೇ, ಎರಡನೇ ಮದುವೆ ಆಗಿದಾನೆ ಅನ್ನೋದೊಂದರಿಂದಲೇ ಆ ಹಕ್ಕು ಹೋಗಲ್ಲ. ಆದ್ರೆ ಆ ಹಕ್ಕಿಗಿಂತ ಮಗುವಿನ ಹಿತ ದೊಡ್ಡದು ಅಂತಾನೂ ಅದೇ ಕಾನೂನು ಹೇಳುತ್ತೆ, 9 ವರ್ಷದ ಹುಡುಗ ಬುದ್ಧಿ ಬಂದೋನಾದ್ರೆ ಅವನ ಇಷ್ಟ ಏನು ಅಂತ ಜಡ್ಜ್ ಕೇಳ್ಬೋದು. ಅವನು ಇಷ್ಟು ವರ್ಷ ನಿಮ್ಮನೇಲಿ ಇದ್ದಿದ್ದಕ್ಕೆ ಸ್ಕೂಲಿನ ದಾಖಲಾತಿ, ಅಂಗನವಾಡಿ ಇಲ್ಲ ಆಸ್ಪತ್ರೆ ಚೀಟಿ, ಟೀಚರ್ ಮಾತು ಎಲ್ಲ ಸಾಕ್ಷಿ. ತಾಲೂಕು ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೋಗಿ ಪೋಷಕತ್ವದ ಅರ್ಜಿ ಹಾಕಿಸಿ, ಮಗುವಿನ ಪರವಾಗಿ ಅಪ್ಪನಿಂದ ಜೀವನಾಂಶನೂ ಕೇಳಿಸಿ. ಅಲ್ಲೀವರೆಗೆ ಅಳಿಯ ಬಂದು ಹುಡುಗನ್ನ ನೋಡ್ಕೊಂಡು ಹೋಗೋಕೆ ಅಡ್ಡಿ ಮಾಡ್ಬೇಡಿ.

ಪ್ರಶ್ನೆ: ನಾವು ಮುಸ್ಲಿಮರು, ತಲಾಖ್ ಆಗಿದೆ. ಹಿರಿಯರು ಕೂತು ಮಾತಾಡಿದಾಗ ಮಕ್ಕಳ ಖರ್ಚು ಕೇಳಲ್ಲ ಅಂತ ಬಾಂಡ್ ಪೇಪರ್ ಮೇಲೆ ಸೈನ್ ಮಾಡಿಸಿಕೊಂಡ್ರು. ಇನ್ನೇನೂ ಮಾಡೋಕಾಗಲ್ವಾ?

ಉತ್ತರ: ಆಗುತ್ತೆ ತಂಗಿ. ಮೇಲೆ ಹೇಳಿದ ಜೀವನಾಂಶದ 144ನೇ ಸೆಕ್ಷನ್ ಎಲ್ಲ ಧರ್ಮದೋರಿಗೂ ಒಂದೇ, ತಲಾಖ್ ಆದ ಹೆಂಗಸರೂ ಈ ದಾರೀಲಿ ಜೀವನಾಂಶ ಕೇಳ್ಬೋದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಇನ್ನು ಆ ಬಾಂಡ್ ಪೇಪರ್, ನಿಮ್ಮದೇನಿದೆ ಅದನ್ನ ನೀವು ಬಿಟ್ಕೊಡ್ಬೋದೇನೋ, ಮಕ್ಕಳದನ್ನ ಬಿಟ್ಕೊಡೋಕೆ ನಿಮಗೂ ಅಧಿಕಾರ ಇಲ್ಲ, ಹಿರಿಯರಿಗೂ ಇಲ್ಲ. ಪೇಪರನ್ನ ಹರಿದು ಹಾಕ್ಬೇಡಿ, ಹಾಗೇ ವಕೀಲರಿಗೆ ತೋರಿಸಿ.